ಸೋಮವಾರದ ಫರಾಳ

ಭರತನ ಹೊಕ್ಕುಳ ಮೇಲೆ ನಿಂಬೆಕಾಯಿ ಗಾತ್ರದ ಗಂಟೊಂದು ಎದ್ದಿದೆ ಎಂಬುದು ಮನೆಯವರ ಕಣ್ಣಿಗೆ ಬಿದ್ದದ್ದು, ಅವನ ಅಜ್ಜ ವಿರುಪಾಕ್ಷಪ್ಪ ಅವನನ್ನು ಒಣದ್ರಾಕ್ಷಿ ತೂಗುವ ಕಾಟಾದ ಮೇಲೆ ನಿಲ್ಲಿಸಿ, ಅಂಗಿ ಎತ್ತಿಸಿ, ಬಂದ ಬೀಗರಿಗೆ ತೋರಿಸುತ್ತಿದ್ದಾಗ. ಐನಾಪುರದ ಆ ಮನೆಗೆ ಯಾರೇ ಬಂದರೂ ಚಹಾ ಆಗುವುದರೊಳಗೆ ಮೂರನ್ನು ನೋಡಿ ಮುಗಿಸಬೇಕಿತ್ತು: ಹಿತ್ತಲಾಚೆಯ ಪಡ ಎನ್ನುವ ದ್ರಾಕ್ಷಿ ತೋಟ, ಹೊಸ ಟ್ರ್ಯಾಕ್ಟರು, ಮೊಮ್ಮಗ. ಪಡದ ದಾರಿಯಲ್ಲಿ ಕೆಸರಿದ್ದರೆ ಮೊಮ್ಮಗನಿಂದಲೇ ಶುರು.

"ಹನ್ನೊಂದ ವರ್ಷಕ್ಕ ಅರವತ್ತೆಂಟ ಕಿಲೊ," ಎಂದ ವಿರುಪಾಕ್ಷಪ್ಪ, ಕಾಟಾದ ಕೆಂಪು ಅಂಕಿಗಳ ಮೇಲಿನ ಧೂಳನ್ನು ಧೋತರದ ಚುಂಗಿನಿಂದ ಒರೆಸುತ್ತ. "ಹದಿನೈದು ಕಿಲೊದ್ದು ನಾಕೂವರಿ ಬಾಕ್ಸ ಮಾಲು. ನಾ ಕುಸ್ತಿ ತಾಲೀಮಿನ್ಯಾಗ ಇಳದಾಗ ನನಗ ಹದಿನೆಂಟ. ಆವಾಗೂ ನಾ ಇಷ್ಟ ಇರಲಿಲ್ಲ ನೋಡ್ರಿ."

ಬೀಗರ ಪೈಕಿ ಭಾವುಸಾಹೇಬ ಎಂಬ ನಗೆಗಾರ ಕುರ್ಚಿಯಿಂದೆದ್ದು ಬಂದು ಬಾಗಿ ನೋಡಿದ. "ಎಲ್ಲಾ ಛಲೋ ಐತ್ರಿ ಮಾಮಾ. ಆದ್ರ ಇವನ ಹೊಕ್ಕಳಾ ನಮ್ಮನ್ನ ಕಣ್ಣ ಬಿಟ್ಟ ನೋಡಾಕತ್ತೇತಲ್ಲ."

ಎಲ್ಲರೂ ನಕ್ಕರು. ಭರತನೂ ನಕ್ಕ. ನಕ್ಕಾಗ ಗಂಟು ಇನ್ನೊಂದು ಬೆರಳು ಹೊರಗೆ ಬಂತು. ಭಾವುಸಾಹೇಬ ಅದನ್ನು ತೋರುಬೆರಳಿನಿಂದ ಒತ್ತಿದ. ಅದು ಒಳಗೆ ಹೋಯಿತು. ಬಿಟ್ಟ, ಹೊರಗೆ ಬಂತು. ಮತ್ತೆ ಒತ್ತಿದ. ಆಮೇಲೆ ಅದೇ ಬೆರಳಿನಿಂದ ತಟ್ಟೆಯ ಚೂಡಾ ಎತ್ತಿ ಬಾಯಿಗೆ ಹಾಕಿಕೊಂಡ.

ಚಹಾದ ತಾಟು ಹಿಡಿದು ಬಾಗಿಲಲ್ಲಿ ನಿಂತಿದ್ದ ಭರತನ ತಾಯಿ ಉಜ್ವಲಾ ಅದೆಲ್ಲವನ್ನೂ ನೋಡಿದಳು. ಆ ಬೆರಳಿನ ಉಗುರು ತಂಬಾಕಿನಿಂದ ಹಳದಿಯಾಗಿತ್ತು. ಅವಳ ತವರು ತಂಬಾಕಿನ ಊರು ನಿಪ್ಪಾಣಿ. ತಂಬಾಕಿನ ಹಳದಿ ಯಾವುದು, ಅರಿಸಿನದ್ದು ಯಾವುದು ಅವಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

ಮದುವೆಯಾಗಿ ಹದಿಮೂರು ವರ್ಷವಾದರೂ ಈ ಮನೆಯ ಊಟ ಅವಳಿಗೆ ಒಗ್ಗಿರಲಿಲ್ಲ. ರುಚಿ ಅಲ್ಲ, ಉಣ್ಣಿಸುವ ರೀತಿ. ಅತ್ತೆ ಸೋನಾಬಾಯಿ ಮೊಮ್ಮಗನ ಎದುರು ಕುಕ್ಕರಗಾಲಲ್ಲಿ ಕೂತು, ರೊಟ್ಟಿ ಮುರಿದು, ತುಪ್ಪದಲ್ಲಿ ಹೊರಳಿಸಿ, ಮೊಣಕೈತನಕ ಇಳಿದ ತುಪ್ಪವನ್ನು ಇನ್ನೊಂದು ಕೈಯಿಂದ ಮೇಲಕ್ಕೆ ಸವರಿ, ತುತ್ತು ಮಾಡಿ ತುರುಕುತ್ತಿದ್ದಳು. ಹನ್ನೊಂದು ವರ್ಷದ ಹುಡುಗ ಬಾಯಿ ತೆರೆಯುವುದು ತಡವಾದರೆ "ನಿಮ್ಮ ಆಯೀನ ಕೈ ಬ್ಯಾಡೇನಪಾ ಈಗ" ಎಂದು ಕಣ್ಣು ಒದ್ದೆ ಮಾಡಿಕೊಳ್ಳುತ್ತಿದ್ದಳು. ಅಜ್ಜಿಯನ್ನು ಆಯಿ ಎನ್ನುತ್ತಿದ್ದ ಹುಡುಗನ ಬಾಯಿ ತೆರೆಯುತ್ತಿತ್ತು. ಅಜ್ಜ ಶೆಡ್ಡಿನಿಂದ ಬರುವಾಗ ಒಂದು ಮುಷ್ಟಿ ಒಣದ್ರಾಕ್ಷಿ ತಂದು ಹುಡುಗನ ಚಡ್ಡಿಯ ಕಿಸೆಗೆ ಇಳಿಬಿಡುತ್ತಿದ್ದ. ಒಗೆಯುವಾಗ ಉಜ್ವಲಾಳ ಬೆರಳಿಗೆ ಅವು ದನದ ಉಣ್ಣೆಹುಳಗಳ ಹಾಗೆ ಅಂಟಿ ಬರುತ್ತಿದ್ದವು. ಗಂಡ ಮಲ್ಲೇಶ ಸಂಜೆ ಮಗನನ್ನು ಮೋಟಾರ್‌ಸೈಕಲ್ ಹಿಂದೆ ಕೂರಿಸಿಕೊಂಡು "ಹಂಗ ಒಂದ ರೌಂಡ" ಎಂದು ಕಾಗವಾಡದ ಕಡೆ ಹೋಗುತ್ತಿದ್ದ. ಬರುವಾಗ ಇಬ್ಬರ ಮೀಸೆ ಬರುವ ಜಾಗದಲ್ಲೂ ವಡಾಪಾವಿನ ಕೆಂಪು ಚಟ್ನಿ ಪುಡಿ. ರಾತ್ರಿ ಮತ್ತೆ ಊಟ, ಏಕೆಂದರೆ ಹುಡುಗ ಸಂಜೆಯಿಂದ ಏನೂ ತಿಂದಿರುತ್ತಿರಲಿಲ್ಲ.

ಗಂಟಿನ ವಿಷಯಕ್ಕೆ ಮಾತ್ರ ಉಜ್ವಲಾ ಹಟ ಹಿಡಿದಳು. ಮೂರು ದಿನ ಗಂಡನ ಜತೆ ಮಾತು ಬಿಟ್ಟಳು. ನಾಲ್ಕನೆಯ ದಿನ ಮಲ್ಲೇಶ ಕಾರು ತೆಗೆದ. ಸೋನಾಬಾಯಿ ತಾನಿಲ್ಲದೆ ಮೊಮ್ಮಗ ಹೊಸಿಲು ದಾಟುವುದುಂಟೇ ಎಂದು ಹಿಂದಿನ ಸೀಟಿನಲ್ಲಿ ಡಬ್ಬಿಯ ಸಮೇತ ಹತ್ತಿ ಕೂತಳು.

ಚಿಕ್ಕೋಡಿಯ ಆಸ್ಪತ್ರೆಯ ಸರ್ಜನ್ ಡಾಕ್ಟರ್ ಜಿನಮತಿ ಐವತ್ತರ ತೆಳ್ಳನೆಯ ಹೆಂಗಸು. ಗಂಟನ್ನು ಒತ್ತಿ ನೋಡಿ, ಕೆಮ್ಮಲು ಹೇಳಿ, ಹುಡುಗನ ಅಂಗಿಯನ್ನು ತಾನೇ ಕೆಳಗೆ ಎಳೆದಳು.

"ಇದು ಹರ್ನಿಯಾ. ಹೊಕ್ಕಳದ ಕೆಳಗ ಹೊಟ್ಟಿ ಪರದೆ ಸಡಲಾಗಿ ಕರಳ ಹೊರಗ ಇಣಕಾಕತ್ತೇತಿ. ಸದ್ಯ ಒಳಗ ಹೋಗಿ ಬರತೈತಿ. ಒಂದ ದಿನ ಹೊರಗ ಬಂದದ್ದು ಸಿಕ್ಕೊಂಡ್ರ ತ್ರಾಸ ಆಗತೈತಿ, ಜೀವಕ್ಕ ಬರತೈತಿ. ಸಣ್ಣ ಆಪರೇಶನ್. ಮುಂಜಾನಿ ಬರೂದು, ಸಂಜೀಕ ಮನೀಗಿ ಹೋಗೂದು."

"ಅಡ್ಮಿಟ್ ಇಲ್ಲಲ್ರಿ?" ಎಂದ ಮಲ್ಲೇಶ, ಅರ್ಧ ಎದ್ದು ನಿಂತು.

"ಕೂಡ್ರಿ. ಆಪರೇಶನ್ ಸಣ್ಣದು, ಹುಡುಗ ದೊಡ್ಡಾಂವ. ಈ ತೂಕಕ್ಕ ಅರವಳಿಕೆ ಕೊಡೂದ ಜೋಖಿಮ. ಆರ ವಾರ ಟೈಮ್ ಕೊಡ್ತೀನಿ, ನಾಕ ಕಿಲೊ ಇಳಸ್ಕೊಂಡ ಬರ್ರಿ. ಊಟಾ ಬಿಡಸಬ್ಯಾಡ್ರಿ. ನಡನಡಕ ತಿನ್ನೂದ ಬಿಡಸ್ರಿ." ಕ್ಯಾಲೆಂಡರ್ ನೋಡಿದಳು. "ಇಂಥಾ ಕೇಸ ನಾ ಸೋಮವಾರ ಅಷ್ಟ ಮಾಡ್ತೀನಿ. ಶ್ರಾವಣದ ಎರಡನೇ ಸೋಮವಾರ. ಹಿಂದಿನ ರಾತ್ರಿ ಹತ್ತರ ಮ್ಯಾಲ ಬಾಯಾಗ ಏನೂ ಹೋಗಬಾರದು. ಮುಂಜಾನಿ ನೀರೂ ಬ್ಯಾಡ."

ಸೋನಾಬಾಯಿಯ ಮುಖ ಅರಳಿತು. "ಶ್ರಾವಣ ಸೋಮವಾರ ನಮ್ಮ ಮನ್ಯಾಗ ಎಲ್ಲಾರದೂ ಉಪವಾಸ ಇರತೈತ್ರಿ ಬಾಯಾರ. ನೀವು ಹೇಳೂದ ಬ್ಯಾಡ."

ಡಾಕ್ಟರು ಆಕೆಯನ್ನು ಒಂದು ಗಳಿಗೆ ನೋಡಿದಳು. ಗಡಿಯ ಊರುಗಳಲ್ಲಿ ಇಪ್ಪತ್ತು ವರ್ಷ ಹೊಟ್ಟೆ ಕೊಯ್ದವಳಿಗೆ ಅವುಗಳೊಳಗೆ ಏನಿರುತ್ತದೆಂದು ಗೊತ್ತಿತ್ತು. "ಹಂಗಲ್ರಿ ಅಜ್ಜಿ. ನಾವು ಜೈನರು. ನಮ್ಮ ಅವ್ವ ಉಪವಾಸ ಅಂದ್ರ ಹನಿ ನೀರ ಮುಟ್ಟತಿರಲಿಲ್ಲ. ಅಂಥಾದ್ದು ಬೇಕು. ಸಾಬೂದಾನಿ ಇಲ್ಲ, ಬಾಳಿಹಣ್ಣ ಇಲ್ಲ, ಹಾಲ ಇಲ್ಲ. ಮಲಗಿಸಿದ ಮ್ಯಾಲ ಹೊಟ್ಟ್ಯಾಗಿಂದು ಮ್ಯಾಲ ಬಂದು ಶ್ವಾಸದಾಗ ಹೊಕ್ರ ನಿಮ್ಮ ಮೊಮ್ಮಗ ಏಳೂದಿಲ್ಲ. ತಿಳೀತಲ್ರಿ?"

"ತಿಳೀತ್ರಿ," ಎಂದಳು ಸೋನಾಬಾಯಿ. ಕಾರು ಅಂಕಲಿಯ ಸೇತುವೆ ದಾಟುವುದರೊಳಗೆ ಡಬ್ಬಿ ತೆರೆದಳು. "ಎಷ್ಟ ಹೆದರ್ಯಾನೋ ಕೂಸು. ಒಂದ ಉಂಡಿ ತಿನ್ನ."

ಆರು ವಾರ ಮನೆಯಲ್ಲಿ ಪಥ್ಯ ನಡೆಯಿತು. ಉಜ್ವಲಾ ಎರಡು ರೊಟ್ಟಿ, ಪಲ್ಯ, ಬೇಳೆ, ಮಜ್ಜಿಗೆ ಎಂದು ನಿಯಮ ಮಾಡಿದಳು. ಎಲ್ಲರೂ ಒಪ್ಪಿದರು. ಒಪ್ಪುವುದಕ್ಕೆ ಆ ಮನೆಯಲ್ಲಿ ಯಾವತ್ತೂ ಯಾರ ತಕರಾರೂ ಇರಲಿಲ್ಲ. ಪ್ರತಿ ರವಿವಾರ ವಿರುಪಾಕ್ಷಪ್ಪ ಮೊಮ್ಮಗನನ್ನು ಶೆಡ್ಡಿನ ಕಾಟಾದ ಮೇಲೆ ನಿಲ್ಲಿಸಿ ಅಂಕಿ ಕೂಗುತ್ತಿದ್ದ. ಅರವತ್ತೇಳು. ಅರವತ್ತಾರು. ಅರವತ್ತೈದು. ಐದನೆಯ ರವಿವಾರ ಅರವತ್ತಮೂರು ಆದಾಗ ಉಜ್ವಲಾ ದೇವರಿಗೆ ಊದುಬತ್ತಿ ಹಚ್ಚಿದಳು. ಸೋನಾಬಾಯಿ "ಮಾರಿ ಎಷ್ಟ ಸಣ್ಣ ಆತು ಕೂಸಿಂದು" ಎಂದು ಸೆರಗಿನಿಂದ ಕಣ್ಣೊತ್ತಿಕೊಂಡಳು. ಹುಡುಗನ ಚಡ್ಡಿಯ ಗುಂಡಿ ಮಾತ್ರ ಅದೇ ವಾರ ಎರಡನೆಯ ಸಲ ಹಾರಿತು.

ಆಪರೇಶನ್ನಿಗೆ ವಾರವಿರುವಾಗ ಚಿಕ್ಕೋಡಿಗೆ ತೋರಿಸಲು ಹೋದರು. ಪೂನಮ ಎಂಬ ನರ್ಸು ಹುಡುಗನನ್ನು ಆಸ್ಪತ್ರೆಯ ಕಾಟಾ ಹತ್ತಿಸಿ, ಇಳಿಸಿ, ಮತ್ತೆ ಹತ್ತಿಸಿದಳು. ಅರವತ್ತೊಂಬತ್ತು.

"ನಾಕ ಇಳಸ್ರಿ ಅಂದ್ರ ಒಂದ ಏರಿಸ್ಕೊಂಡ ಬಂದೀರಿ," ಎಂದಳು ಜಿನಮತಿ.

"ನಿಮ್ಮ ಕಾಟಾ ತಪ್ಪೈತ್ರಿ," ಎಂದ ಮಲ್ಲೇಶ.

ಮನೆಗೆ ಬಂದವಳೇ ಉಜ್ವಲಾ ಶೆಡ್ಡಿಗೆ ಹೋದಳು. ಕಾಟಾದ ಪಕ್ಕದಲ್ಲಿ ಐದು ಕಿಲೊದ ಬೆಲ್ಲದ ಪೆಂಟಿ, ಮೇಲೆ ಇರುವೆ. ಪೆಂಟಿಯನ್ನು ಕಾಟಾದ ಮೇಲಿಟ್ಟು ಸೊನ್ನೆಯ ಗುಂಡಿ ಒತ್ತಿ, ಆಮೇಲೆ ಪೆಂಟಿ ತೆಗೆದು ನಿಂತರೆ ಯಾರ ಮೈಯಿಂದಲೂ ಐದು ಕಿಲೊ ಇಳಿಯುತ್ತದೆ. ಅವಳ ಮೈಯಿಂದಲೂ ಇಳಿಯಿತು. ವಾರವಾರಕ್ಕೂ ಒಂದೊಂದು ಕಿಲೊ ಬೆಲ್ಲ ಹೆಚ್ಚಿಸಿಕೊಂಡು ಬಂದಿರಬೇಕು, ಮಾವ ಆ ಮಟ್ಟಿಗೆ ನಾಜೂಕಿನ ಮನುಷ್ಯ.

"ಮಾಮಾರ, ಇದೇನ್ರಿ?"

ವಿರುಪಾಕ್ಷಪ್ಪನಿಗೆ ನಾಚಿಕೆಯಾಗಲಿಲ್ಲ. "ಹುಡುಗಗ ಉಮೇದ ಬರ್ಲಿ ಅಂತ ಮಾಡಿದ್ನಿ. ದಿನಾ ಅವನ ತೂಕದ್ದ ಮಾತು. ಪೈಲವಾನ ಮನಿತನದಾಗ ತೂಕ ಇಳದೈತಿ ಅಂತ ಊದಬತ್ತಿ ಹಚ್ಚೂ ಹೆಂಗಸನ್ನ ನಾ ಇವತ್ತ ನೋಡಿದ್ನಿ."

"ನೀವು ಪೈಲವಾನ ಯಾವಾಗ ಆಗಿದ್ರಿ? ತಾಲೀಮಿನ್ಯಾಗ ಎಂಟ ದಿನಾ ಇದ್ರಂತ ಅತ್ತಿ ಹೇಳ್ತಾರ."

"ಒಂಬತ್ತು," ಎಂದ ವಿರುಪಾಕ್ಷಪ್ಪ.

ಡಾಕ್ಟರು ತಾರೀಖು ಮಾತ್ರ ಬದಲಿಸಲಿಲ್ಲ. ಗಂಟು ಎರಡು ಸಲ ನೋವು ಕೊಟ್ಟಿತ್ತು, ಒಮ್ಮೆ ಒಳಗೆ ಹೋಗಲು ಅರ್ಧ ತಾಸು ತಗೊಂಡಿತ್ತು. ಇನ್ನು ಕಾಯುವುದು ಕೊಯ್ಯುವುದಕ್ಕಿಂತ ಅಪಾಯ ಎಂದಳು. "ಹೊಟ್ಟಿ ಖಾಲಿ ಇರ್ಲಿ. ಅದೊಂದ ನಿಮ್ಮ ಕಡಿಂದ ಆಗ್ಲಿ."

ಶ್ರಾವಣದ ಎರಡನೆಯ ಸೋಮವಾರ ಉಜ್ವಲಾ ನಸುಕಿಗೆದ್ದು ಮಗನಿಗೆ ಜಳಕ ಮಾಡಿಸಿ, ದೇವರ ಮನೆಯಲ್ಲಿ ಅತ್ತೆಯ ಹತ್ತಿರ ಕೂರಿಸಿ, ತಾನು ಸೀರೆ ಬದಲಿಸಲು, ಫೈಲು ಹುಡುಕಲು ಹೋದಳು. ಹದಿನೈದು ನಿಮಿಷ, ಹೆಚ್ಚೆಂದರೆ ಇಪ್ಪತ್ತು. ಫೈಲು ಫ್ರಿಜ್ಜಿನ ಮೇಲೆ ಇಟ್ಟಿದ್ದು ಕಪಾಟಿನಲ್ಲಿ ಸಿಕ್ಕಿತು. ಯಾರು ಸರಿಸಿದರು ಎಂದು ಕೇಳುವಷ್ಟು ಹೊತ್ತಿರಲಿಲ್ಲ.

ಎಂಟೂವರೆಗೆ ಆಸ್ಪತ್ರೆಯಲ್ಲಿ ಪೂನಮ ಹುಡುಗನಿಗೆ ಹಸಿರು ಅಂಗಿ ಕೊಟ್ಟಳು. ಅದು ದೊಡ್ಡವರದು, ಆದರೂ ಬೆನ್ನ ಹಿಂದೆ ಎರಡು ಅಂಚು ಕೂಡಲಿಲ್ಲ. ಲಾಡಿ ಕಟ್ಟಲು ಬಾಗಿದ ಉಜ್ವಲಾಳ ಮೂಗಿಗೆ ಮಗನ ಉಸಿರು ಬಡಿಯಿತು. ಹುರಿದ ಶೇಂಗಾ. ಜೀರಿಗೆ. ತುಪ್ಪ.

"ಬಾಯಿ ತಗಿ."

ಭರತ ಆಯಿಯ ಕಡೆ ನೋಡಿದ.

"ಆ ಕಡೆ ಏನ ನೋಡ್ತಿ? ಬಾಯಿ ತಗಿ."

ಹಿಂದಿನ ಹಲ್ಲಿನ ಸಂದಿಯಲ್ಲಿ ಬಿಳಿಯದೊಂದು ಕೂತಿತ್ತು. ಅವಳು ಬೆರಳು ಹಾಕಿ ಕೆದಕಿ ತೆಗೆದಳು. ಬೆಂದು ಗಾಜಿನಂತಾದ, ಲೊಳೆಲೊಳೆಯಾದ ಒಂದು ಸಾಬೂದಾನಿ ಕಾಳು. ಅಂಗೈಯಲ್ಲಿ ಅದು ಇನ್ನೂ ಬೆಚ್ಚಗಿತ್ತು. ಅವಳು ಮುಷ್ಟಿ ಮುಚ್ಚಿದಳು.

"ಎಷ್ಟ ತಿಂದಿ?"

"ಒಂದ ತಾಟ. ಮತ್ತ ಎರಡ ಬಾಳಿಹಣ್ಣ."

"ಹಾಲ?"

"ಅರ್ಧಾ ಗ್ಲಾಸ."

ಸೋನಾಬಾಯಿ ಬೆಂಚಿನ ಮೇಲೆ ಕಾಲು ಮಡಚಿ ಕೂತಿದ್ದಳು. ಅವಳ ದನಿಯಲ್ಲಿ ಅಳುಕಿರಲಿಲ್ಲ. "ಊಟಾ ಎಲ್ಲಿ ಮಾಡ್ಯಾನ? ಒಂದ ಅಗಳ ಅನ್ನ ಮುಟ್ಟಿಲ್ಲ. ಅದು ಉಪವಾಸದ ಫರಾಳ. ನಲವತ್ತ ವರ್ಷ ಸೋಮವಾರ ಹಿಡದೀನಿ ನಾ. ಫರಾಳಾ ತಿಂದ್ರ ಉಪವಾಸ ಮುರದಂಗ ಆಗೂದಿಲ್ಲ. ಶಿವಗ ನಡೀತೈತಿ, ಡಾಕ್ಟರಗ ನಡಿಯೂದಿಲ್ಲೇನ?"

"ಡಾಕ್ಟರು ಸಾಬೂದಾನಿ ಅಂತ ಹೆಸರ ಹಿಡದ ಹೇಳಿದ್ರು, ಅತ್ತಿ. ನಿಮ್ಮ ಮಾರಿ ಮುಂದ ಹೇಳಿದ್ರು."

"ಅಕಿ ಜೈನರಾಕಿ. ಅವರ ದೇವರ ಬ್ಯಾರೆ, ನಮ್ಮ ದೇವರ ಬ್ಯಾರೆ. ಹೊಟ್ಟಿ ಹಸದ ಕೂಸನ್ನ ಚೂರಿ ಕೆಳಗ ಕಳಸೂದ ನಮ್ಮಲ್ಲಿ ಇಲ್ಲ."

ಮಲ್ಲೇಶ ಹೆಂಡತಿಯ ಮೊಣಕೈ ಹಿಡಿದು ಗೋಡೆಯ ಕಡೆ ಸರಿಸಿದ. "ಸುಮ್ನಿರು. ತಿಂದ ಮೂರ ತಾಸ ಆಗೇತಿ. ಕರಗಿರ್ತೈತಿ. ಈಗ ಬ್ಯಾಡ ಅಂದ್ರ ಮತ್ತ ಹದಿನೈದ ದಿನಾ ಹೋತು. ಊರ ತುಂಬ ಹೇಳೇವಿ, ಮಂದಿ ಸಂಜೀಕ ಮಾತಾಡ್ಸಾಕ ಬರ್ತಾರ. ಏನಂತ ಹೇಳೂದು?"

"ಏಳಲಿಲ್ಲ ಅಂದ್ರ ಏನಂತ ಹೇಳ್ತೀರಿ?"

"ಅಪಶಕುನ ನುಡೀಬ್ಯಾಡ."

ಅಷ್ಟರಲ್ಲಿ ಪೂನಮ ಪೆನ್ನು, ಹಲಗೆ ಹಿಡಿದು ಬಂದಳು. "ಹೊಟ್ಟಿ ಖಾಲಿ ಐತಿಲ್ರಿ?"

"ಹೌದ್ರಿ," ಎಂದ ಮಲ್ಲೇಶ.

"ಪೂರಾ," ಎಂದಳು ಸೋನಾಬಾಯಿ.

ಉಜ್ವಲಾ ಅಂಗೈ ಚಾಚಿದಳು. "ಇಲ್ರಿ ಸಿಸ್ಟರ್."

ಪೂನಮ ಕಾಳನ್ನು ನೋಡಿದಳು, ಹುಡುಗನನ್ನು ನೋಡಿದಳು, ಹಲಗೆಯ ಮೇಲೆ ಏನೋ ಅಡ್ಡಗೀಟು ಎಳೆದಳು. ಒಳಗಿನಿಂದ ಜಿನಮತಿ ಬಂದವಳು ಬೈಯಲಿಲ್ಲ. ಟೋಪಿ ತೆಗೆಯುತ್ತ ಸೋನಾಬಾಯಿಯನ್ನು ಮಾತ್ರ ಕೇಳಿದಳು, "ನಿಮಗೆಷ್ಟು ಮೊಮ್ಮಕ್ಕಳ್ರಿ ಅಜ್ಜಿ?"

"ಒಬ್ಬಾಂವ್ರಿ."

"ನಾನೂ ಹಂಗ ಅನ್ಕೊಂಡಿದ್ನಿ." ಕ್ಯಾಲೆಂಡರಿನ ಕಡೆ ಬೆರಳು ಮಾಡಿದಳು. "ಶ್ರಾವಣದ ಕಡೇ ಸೋಮವಾರ. ಇನ್ನೊಮ್ಮೆ ಹಿಂಗಾದ್ರ ನನ್ನ ಹಂತೇಕ ಬರಬ್ಯಾಡ್ರಿ."

ಮನೆಯ ದಾರಿಯುದ್ದಕ್ಕೂ ಸೋನಾಬಾಯಿ ಸೊಸೆಯ ತಲೆಯ ಹಿಂಭಾಗಕ್ಕೆ ಮಾತಾಡಿದಳು. ನರ್ಸಿನ ಮುಂದೆ ಮಾನ ಕಳೆದದ್ದು, ಹಲ್ಲಿನ ಎಂಜಲನ್ನು ಅಂಗೈಯಲ್ಲಿ ಹಿಡಿದು ಪ್ರದರ್ಶನ ಮಾಡಿದ್ದು, ನಿಪ್ಪಾಣಿಯ ಹೆಣ್ಣು ತಂದದ್ದೇ ತಪ್ಪಾದದ್ದು. ಮಾತಿಗೆ ಅಲ್ಪವಿರಾಮ ಬೇಕಾದಾಗ ಹುಡುಗನ ಕೈಗೆ ಬಾಳೆಹಣ್ಣು ಕೊಟ್ಟಳು. ಹೇಗೂ ಆಪರೇಶನ್ ಇಲ್ಲ. ಮನೆ ಮುಟ್ಟುವುದರೊಳಗೆ ಗೊನೆಯ ಒಂದು ಚಿಪ್ಪು ಖಾಲಿ, ಸಿಪ್ಪೆಗಳು ಕಾರಿನ ಮ್ಯಾಟಿನ ಮೇಲೆ ಕಪ್ಪಾಗುತ್ತಿದ್ದವು.

ಮರುದಿನ ಸಂಜೆ ಹುಡುಗ ಹಿತ್ತಿಲ ಕಟ್ಟೆಯ ಮೇಲೆ ಒಬ್ಬನೇ ಕೂತಿದ್ದ. ಉಜ್ವಲಾ ಒಗೆದ ಬಟ್ಟೆ ಹಿಂಡುತ್ತಿದ್ದಳು.

"ನಿನಗ ನಿನ್ನೆ ಹಸಿವ ಆಗಿತ್ತೇನ?"

"ಇಲ್ಲ."

"ಮತ್ತ್ಯಾಕ ತಿಂದಿ? ಡಾಕ್ಟರ ಬಾಯಿ ಹೇಳಿದ್ದ ನಿನಗ ತಿಳದಿತ್ತಲ್ಲ."

"ಬ್ಯಾಡ ಅಂದ್ರ ಆಯಿ ಅಳತಾಳ." ಅವನು ಕಾಲಿನಿಂದ ಕಟ್ಟೆಯ ಸುಣ್ಣ ಕೆರೆದ. "ಒಣದ್ರಾಕ್ಷಿ ಬ್ಯಾಡ ಅಂದ್ರ ಅಜ್ಜಾ ನೀ ಪೈಲವಾನ ಅಲ್ಲ ಅಂತಾನ. ವಡಾಪಾವ ಬ್ಯಾಡ ಅಂದ್ರ ಪಪ್ಪಾ ಗಾಡಿ ಮ್ಯಾಲ ಕರ್ಕೊಂಡ ಹೋಗೂದಿಲ್ಲ."

ಒಂದು ಲಂಗವನ್ನು ಅವಳು ಹಿಂಡಿದಳು, ಮತ್ತೆ ಹಿಂಡಿದಳು. "ನಾ?"

"ನೀ ಏನೂ ಕೊಡೂದಿಲ್ಲ."

"ಅದಲ್ಲ. ನಾ ಏನ ಮಾಡ್ತೀನಿ?"

"ನೀ ಹಿಂಗ ನೋಡ್ತಿ," ಎಂದು ಭರತ ಮುಖ ಮಾಡಿ ತೋರಿಸಿದ. ಮೂಗು ಸ್ವಲ್ಪ ಸುಕ್ಕಾಯಿತು, ತುಟಿಯ ಎಡತುದಿ ಕೆಳಗೆ ಇಳಿಯಿತು, ಕಣ್ಣು ಅರ್ಧ ಮುಚ್ಚಿ ಬೇರೆ ಕಡೆ ತಿರುಗಿತು. ಸೆಗಣಿ ತುಳಿದವರ ಮುಖ. ಬಹಳ ದಿನ ನೋಡಿ ಕಲಿತವನಂತೆ, ಒಂದು ಗೆರೆಯೂ ತಪ್ಪದೆ ಮಾಡಿದ. "ನಾ ಉಣ್ಣುಮುಂದ."

ಅವಳು ಹೇಸಿದ್ದು ಬೆರಳುಗಳಿಗೆ, ತುಪ್ಪಕ್ಕೆ, ಎಂಜಲಿಗೆ, ಅತ್ತೆಯ ಮೊಣಕೈಗೆ. ಅಂತ ಅವಳು ಅಂದುಕೊಂಡಿದ್ದಳು. ಹುಡುಗ ಕೂತ ಜಾಗದಿಂದ ಆ ಮುಖ ಅವನ ಕಡೆಗೇ ಇತ್ತು. ಅವಳು ಬಟ್ಟೆ ಬುಟ್ಟಿ ಎತ್ತಿ ಅವನ ತೊಡೆಯ ಮೇಲಿಟ್ಟಳು.

"ನಡಿ. ನೀ ಚಿಮಟಿ ಕೊಡು, ನಾ ಬಟ್ಟಿ ಒಣಾಕ ಹಾಕ್ತೀನಿ."

ಅಂದಿನಿಂದ ಅವಳು ಮಗನ ಜತೆಗೇ ಉಣ್ಣತೊಡಗಿದಳು. ಇಬ್ಬರದೂ ಒಂದೇ ಅಳತೆ, ಎರಡು ರೊಟ್ಟಿ. ಅತ್ತೆಯ ತುತ್ತು ಬಂದಾಗ ತಡೆಯಲಿಲ್ಲ. "ಮೊದಲ ನನಗ ಕೊಡ್ರಿ, ಅತ್ತಿ" ಎಂದು ಬಾಯಿ ತೆರೆದಳು. ತುಪ್ಪ ಗಂಟಲಲ್ಲಿ ಇಳಿಯುವಾಗ ಕಣ್ಣಲ್ಲಿ ನೀರು ಬಂತು, ಮುಖ ಮಾತ್ರ ಹಾಗೇ ಇಟ್ಟುಕೊಂಡಳು. ಸೋನಾಬಾಯಿ ಮೂರನೆಯ ದಿನಕ್ಕೆ ಬೇಸತ್ತಳು. ಸೊಸೆಗೆ ಉಣ್ಣಿಸುವುದರಲ್ಲಿ ಸುಖವಿರಲಿಲ್ಲ.

ಕಡೆಯ ಸೋಮವಾರದ ಹಿಂದಿನ ದಿನ ಉಜ್ವಲಾ ಅತ್ತೆಯ ಮುಂದೆ ಕೂತಳು. "ಅತ್ತಿ, ನಲವತ್ತ ವರ್ಷ ಸೋಮವಾರ ಹಿಡದೀನಿ ಅಂತೀರಿ. ನಾಳೆ ಅಂವಾ ಬಾಯಾಗ ಏನರ ಹಾಕೂತನಕ ನೀವೂ ಹಾಕಬ್ಯಾಡ್ರಿ. ನೀರ ಸೈತ. ಅವನ ಉಪವಾಸ ನೀವ ಹಿಡೀರಿ."

"ನನಗ ಕಲಸ್ತಿ ಉಪವಾಸ?"

"ಆಗೂದಿಲ್ಲ ಅಂದ್ರ ಬ್ಯಾಡ ಬಿಡ್ರಿ."

"ಯಾಕ ಆಗೂದಿಲ್ಲ?" ಎಂದಳು ಸೋನಾಬಾಯಿ, ಸೆರಗು ಕೊಡವಿ. "ನಾನೂ ದೇವರ ಮುಂದ ಕುಂತಾಕಿ."

ವಿರುಪಾಕ್ಷಪ್ಪ ಪೇಪರಿನ ಹಿಂದಿನಿಂದ, "ನಾಳೆ ನೋಡೂನು," ಎಂದ.

ಮರುದಿನ ಆಸ್ಪತ್ರೆಯ ಬೆಂಚಿನ ಮೇಲೆ ಒಂಬತ್ತಕ್ಕೆ ಸೋನಾಬಾಯಿ ಜಪ ಮಾಡುತ್ತಿದ್ದಳು. ಒಂಬತ್ತೂವರೆಗೆ ಎದುರಿನ ಹೆಂಗಸು ಬಿಚ್ಚಿದ ಉಪ್ಪಿಟ್ಟಿನ ಡಬ್ಬಿಯನ್ನು ನೋಡುತ್ತಿದ್ದಳು. ಹತ್ತಕ್ಕೆ ಗೋಡೆಗೆ ಒರಗಿ ಕಣ್ಣುಜ್ಜಿಕೊಂಡಳು.

"ಉಜ್ವಲಾ."

"ರೀ."

"ನನ್ನ ಕಣ್ಣಿಗಿ ಏನೋ ಮಿಂಚಿದಂಗ ಆಗತೈತಿ."

"ಉಪವಾಸ, ಅತ್ತಿ."

ಸ್ವಲ್ಪ ಹೊತ್ತು ಬಿಟ್ಟು ಮತ್ತೆ: "ಇಷ್ಟ ಹಸಿವ ಆಗತೈತೇನ ಇದಕ್ಕ?"

ಪೂನಮ ಬಂದು ನಾಡಿ ಹಿಡಿದು, ಸಕ್ಕರೆ ನೀರು ತರಲೇ ಎಂದಳು. ಮಲ್ಲೇಶ "ಕುಡೀಬೇ ಅವ್ವಾ, ಯಾರ ನೋಡ್ತಾರ" ಎಂದ. ಸೋನಾಬಾಯಿ ತುಟಿ ಕಚ್ಚಿ ಕೈಯಾಡಿಸಿದಳು. ಬೇಡ. ಮುಖ ಬೂದಿ ಬಣ್ಣವಾಗಿತ್ತು, ತುಟಿಯ ಮೂಲೆಯಲ್ಲಿ ಬಿಳಿ ನೊರೆ ಒಣಗಿತ್ತು. ಬೆಂಚಿನ ಮೇಲೆ ಅಡ್ಡಾದಳು, ಮೂಗಿನಿಂದ ಸಣ್ಣಗೆ ಸದ್ದು ಮಾಡುತ್ತ. ಉಜ್ವಲಾಗೆ ಪಾಪ ಅನ್ನಿಸಬೇಕಿತ್ತು. ಸ್ವಲ್ಪ ಅನ್ನಿಸಿತೂ ಹೌದು. ಆದರೆ ಕಣ್ಣು ಥಿಯೇಟರಿನ ಬಾಗಿಲ ಮೇಲಿತ್ತು, ಅದರ ಮೇಲಿನ ದೀಪ ಕೆಂಪಗಿತ್ತು, ಒಳಗಿದ್ದವನು ಅರವತ್ತೊಂಬತ್ತು ಕಿಲೊ ಮೈ ಹೊತ್ತು, ಖಾಲಿ ಹೊಟ್ಟೆಯಲ್ಲಿ, ಬೇರೆಯವರು ಕೊಟ್ಟ ಗಾಳಿ ಎಳೆಯುತ್ತಿದ್ದ.

ಹನ್ನೊಂದೂವರೆಗೆ ದೀಪ ಆರಿತು. ಜಿನಮತಿ ಬಾಗಿಲಲ್ಲಿ ಬಂದು ತಲೆಯಾಡಿಸಿದಳು. "ಛಲೋ ಆತು. ಎದ್ದಾನ. ನೀರ ಕೇಳಾಕತ್ತಾನ, ಎರಡ ಚಮಚ ಕೊಟ್ಟೇವಿ."

"ನೀರ ಕುಡದಾ?" ಎಂದು ಸೋನಾಬಾಯಿ ಎದ್ದು ಕೂತಳು. ಹೂಂ ಅನ್ನುವುದರೊಳಗೆ ಮಲ್ಲೇಶನನ್ನು ಚಹಾಕ್ಕೆ ಓಡಿಸಿದ್ದಳು. ಬಿಸ್ಕೀಟಿನ ಪುಡಿಕೆಯನ್ನು ಹಲ್ಲಿನಿಂದ ಹರಿದು, ನಾಲ್ಕನ್ನು ಒಟ್ಟಿಗೇ ಚಹಾದಲ್ಲಿ ಅದ್ದಿ, ಮುರಿದು ಬಿದ್ದದ್ದನ್ನು ಬೆರಳಿನಿಂದ ತೋಡಿ ತಿಂದಳು.

ಸಂಜೆ ಐದೂವರೆಗೆ ಮನೆ. ಪೂನಮ ಬರೆದುಕೊಟ್ಟ ಚೀಟಿಯಲ್ಲಿ ಆ ರಾತ್ರಿಗೆ ತೆಳ್ಳನೆಯ ಗಂಜಿ, ಮಜ್ಜಿಗೆ. ಎಣ್ಣೆ, ತುಪ್ಪ, ಸಿಹಿ ಬೇಡ. ಚೀಟಿಯನ್ನು ಉಜ್ವಲಾ ಫ್ರಿಜ್ಜಿಗೆ ಅಂಟಿಸುವಷ್ಟರಲ್ಲಿ ಊರು ಮಾತಾಡಿಸಲು ಬಂತು. ಬಂದವರು ಬರಿಗೈಯಲ್ಲಿ ಬರುವ ಪದ್ಧತಿಯಿಲ್ಲ. ಬ್ರೆಡ್ಡು, ಬಿಸ್ಕೀಟು, ಟೋಸ್ಟು, ಬಾಳೆಹಣ್ಣು, ಪೇಢೆ; ಹುಡುಗನ ಕಾಲ ಬಳಿ ಅವು ಅವನಿಗಿಂತ ಎತ್ತರವಾಗಿ ಬೆಳೆದವು. ಭಾವುಸಾಹೇಬ ಖಾರದ ಚುರಮುರಿ ಭಡಂಗದ ದೊಡ್ಡ ಪುಡಿಕೆ ತಂದಿದ್ದ. "ಎಲ್ಲಿ, ಅದರ ಕಣ್ಣ ಮುಚ್ಚಿಸ್ಯಾರೋ ಇಲ್ಲೋ ನೋಡೂನು," ಎಂದು ಬೆರಳು ಚಾಚಿದ. ಉಜ್ವಲಾ ಆ ಬೆರಳನ್ನು ಹಿಡಿದು ಪಕ್ಕಕ್ಕಿಟ್ಟಳು, ತಾಟು ಸರಿಸುವ ಹಾಗೆ. "ಚಹಾ ಆ ಕಡೆ ಐತ್ರಿ." ಆತ ನಕ್ಕು ಹೋದ, ತಂದ ಭಡಂಗ ತಾನೇ ಬಿಚ್ಚಿದ.

ಎಲ್ಲರೂ ಹೊರಗಿನ ಕಟ್ಟೆಗೆ ಸರಿದ ಮೇಲೆ ಸೋನಾಬಾಯಿ ಒಂದು ಬಟ್ಟಲು ಹಿಡಿದು ಬಂದಳು. ಗೋದಿ ಶಿರಾ. ಮೇಲೆ ತುಪ್ಪ ನಿಂತಿತ್ತು, ಅದರಲ್ಲಿ ಬಲ್ಬಿನ ಬೆಳಕು ನಿಂತಿತ್ತು. ಮಂಚದ ಅಂಚಿನಲ್ಲಿ ಕೂತು ಚಮಚ ತುಂಬಿದಳು.

"ಒಂದ ತುತ್ತ. ನಿನ್ನ ಸಲುವಾಗಿ ನಾ ಇವತ್ತ ಸಾಯೂಕಿದ್ನಿ. ಬಾಯಿ ತಗಿ."

ಬಾಗಿಲಲ್ಲಿ ಗಂಜಿ ಹಿಡಿದು ನಿಂತ ಉಜ್ವಲಾ ಒಳಗೆ ಬರಲಿಲ್ಲ. ಭರತ ಅವಳನ್ನು ನೋಡಿದ. ಅವಳ ಮುಖವನ್ನು ನೋಡಿದ, ಹುಡುಕುವ ಹಾಗೆ. ಅವಳು ತುಟಿಯನ್ನು ಇದ್ದಲ್ಲೇ ಇಟ್ಟುಕೊಂಡಳು.

"ಬ್ಯಾಡ ಆಯಿ."

"ಹಂಗನಬ್ಯಾಡಪಾ." ಸೋನಾಬಾಯಿಯ ಕಣ್ಣು ತುಂಬತೊಡಗಿದವು, ಹನ್ನೊಂದು ವರ್ಷದ ಅಭ್ಯಾಸ, ಕರೆದ ಕೂಡಲೇ ಬರುತ್ತಿದ್ದವು. "ಆಯೀನ ಕೈ ಬ್ಯಾಡೇನ ನಿನಗ?"

ಹುಡುಗ ಹೊಲಿಗೆಯ ಮೇಲೆ ಅಂಗೈ ಇಟ್ಟುಕೊಂಡು, ನೋವಾಗದಂತೆ ನಿಧಾನವಾಗಿ ಹೇಳಿದ. "ಅಳಬೇಕಂದ್ರ ಅಳು, ಆಯಿ. ನಾ ತಿನ್ನೂದಿಲ್ಲ."

ಚಮಚ ಗಾಳಿಯಲ್ಲಿ ನಿಂತಿತು. ಅಂಚಿನಿಂದ ತುಪ್ಪದ ಒಂದು ಹನಿ ಚಾದರದ ಮೇಲೆ ಬಿದ್ದು ಹರಡಿತು. ಸೋನಾಬಾಯಿ ಅಳಲಿಲ್ಲ. ಬಂದ ನೀರು ಎಲ್ಲಿಗೆ ಹೋಗಬೇಕೆಂದು ತಿಳಿಯದೆ ಕಣ್ಣಲ್ಲೇ ಉಳಿಯಿತು. ಬಾಗಿಲಲ್ಲಿದ್ದ ಸೊಸೆಯನ್ನು, ಬಟ್ಟಲನ್ನು, ಮತ್ತೆ ಹುಡುಗನನ್ನು ನೋಡಿದಳು.

"ಚೆಲ್ಲಾಕ ಬರೂದಿಲ್ಲಲ್ಲ," ಎಂದು ಯಾರಿಗೋ ಹೇಳಿ, ಚಮಚವನ್ನು ತನ್ನ ಬಾಯಿಗೆ ತಿರುಗಿಸಿಕೊಂಡಳು. ಎರಡನೆಯದು. ಮೂರನೆಯದು. ಕೋಣೆಯಲ್ಲಿ ಶಿರಾ ನಾಲಿಗೆಗೆ ಅಂಟಿ ಬಿಡುವ ಚಪ್‌ಚಪ್ ಸದ್ದು ಬಿಟ್ಟರೆ ಬೇರೇನಿರಲಿಲ್ಲ. ಬಟ್ಟಲಿನ ತಳವನ್ನು ಬೆರಳಿನಿಂದ ಸವರಿ, ಬೆರಳು ಚೀಪಿ, ಮೊಣಕೈಗೆ ಇಳಿದದ್ದನ್ನು ನೆಕ್ಕಿದಳು.

ಉಜ್ವಲಾಳ ತುಟಿಯ ಎಡತುದಿ ತಾನೇ ತಾನಾಗಿ ಕೆಳಗೆ ಇಳಿಯಿತು. ಅವಳು ಗಂಜಿಯ ಪಾತ್ರೆ ಹಿಡಿದುಕೊಂಡೇ ಗೋಡೆಯ ಕಡೆ ತಿರುಗಿ, ಅದು ಸರಿಯಾಗುವ ತನಕ ನಿಂತು, ಆಮೇಲೆ ಮಗನ ಕಡೆ ಬಂದಳು.